ಹದಿನಾಲ್ಕು ಜಾಗ ಬೇಡ, ಕಲ್ಲು ನೋಡುತ್ತಾ ಹೋಗಿ

ತುಮಕೂರಿನ ಮೇಡಂ ಅವರಿಗೆ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರ ಉದ್ದವಿದೆ, ಸಿಟ್ಟೂ ಇದೆ. ಮಿಕ್ಕ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು ಡಿಸೆಂಬರ್ ರಜೆಯಲ್ಲಿ ಕಾರಿನಲ್ಲಿ ಹೊರಟಿರಿ. ನಾಲ್ಕು ದಿನ, ಹದಿನಾಲ್ಕು ಜಾಗ. ಹಂಪಿಯಲ್ಲಿ ಜನವೋ ಜನ. ಪಟ್ಟದಕಲ್ಲಿಗೆ ಬರುವಷ್ಟರಲ್ಲಿ ದೊಡ್ಡ ಮಗ "ಇನ್ನೊಂದು ದೇವಸ್ಥಾನಾನಾ?" ಅಂತ ಕಾರಿನಿಂದ ಇಳಿಯಲೇ ಇಲ್ಲ. ನಮ್ಮ ಪತ್ರಿಕೆಯ ಚಿತ್ರ ನೋಡಿ ಹಳೆಯ ಶಿಲಾ ಸಮಾಧಿಗಳಿರುವ ಹಿರೇಬೆಣಕಲ್ಲಿಗೂ ಹೋದಿರಿ, ಬೆಟ್ಟದ ಅರ್ಧಕ್ಕೆ ದಾರಿ ತಪ್ಪಿ ವಾಪಸ್ ಬಂದಿರಿ. ನಿಮ್ಮ ದೂರು ಎರಡು: ಚಿತ್ರ ಹಾಕುತ್ತೀರಿ, ದಾರಿ ಹೇಳುವುದಿಲ್ಲ. ಮತ್ತೆ, ಇಂಥ ಜಾಗಗಳ ಬಗ್ಗೆ ಬರೆಯದೇ ಇದ್ದರೆ ಒಳ್ಳೆಯದಲ್ವಾ, ಅಲ್ಲಾದರೂ ಹೆಸರು ಕೆತ್ತುವವರು ಹೋಗದೆ ಇರಲಿ. ಕೊನೆಗೆ ಒಂದು ಪ್ರಶ್ನೆ: ಈ ಜನವರಿಯಲ್ಲಿ ಮತ್ತೆ ಹೊರಟಿದ್ದೇವೆ, ಅತ್ತೆಗೆ ಮಂಡಿ ನೋವು, ಎಲ್ಲಿಗೆ ಹೋಗಲಿ?

ಮೊದಲು ಆ ಹದಿನಾಲ್ಕರ ವಿಷಯ. ನೀವೇ ಟೀಚರ್, ನಿಮಗೆ ಗೊತ್ತಿರುತ್ತದೆ, ನಾಲ್ಕು ದಿನಕ್ಕೆ ಹದಿನಾಲ್ಕು ಜಾಗ ಅಂದರೆ ಹಾಜರಿ ಕೂಗಿದ ಹಾಗೆ. ಎಲ್ಲರೂ "ಪ್ರೆಸೆಂಟ್" ಅಂದರು, ಯಾರ ಮುಖವನ್ನೂ ನೋಡಲಿಲ್ಲ. ನಿಮ್ಮ ಮಗನದು ಸರಿಯಾದ ಪ್ರಶ್ನೆಯೇ. ಗೋಪುರ, ಕಂಬ, ನಂದಿ, ಮತ್ತೆ ಗೋಪುರ. ಹನ್ನೆರಡು ವರ್ಷದ ಹುಡುಗನಿಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದಿದ್ದರೆ ಅದು ಅವನ ತಪ್ಪಲ್ಲ. ಅವನಿಗೆ ಕಲ್ಲಿನ ಬಗ್ಗೆ ಹೇಳಿ. ದೇವಸ್ಥಾನ ಆಮೇಲೆ.

ತುಮಕೂರಿನವರಾದ ನಿಮಗೆ ಇದು ಸುಲಭ. ರಾಮನಗರದ ಬಂಡೆಗಳನ್ನು ಮಕ್ಕಳು ನೋಡಿಯೇ ಇರುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರದ ಹೆಸರು ಕ್ಲೋಸ್‌ಪೇಟ್, ಅದಕ್ಕೇ ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದ ಒಳಗೆ ಕರಗಿದ್ದು ಆರಿ ಗಟ್ಟಿಯಾದ ಕಲ್ಲು. ಇದರ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಉದ್ದಕ್ಕೆ ಹೋಗಿ ಹಂಪಿ ಕಡೆಯಲ್ಲೂ ತಲೆ ಎತ್ತುತ್ತದೆ. ನೀವು ಕಾರಿನಲ್ಲಿ ಹೋಗುವುದು ಹೆಚ್ಚುಕಡಿಮೆ ಅದರ ಜೊತೆಯಲ್ಲೇ. ಬಾದಾಮಿ ಹತ್ತಿರ ಬಂದಾಗ ಮಾತ್ರ ಕಲ್ಲು ಪೂರ್ತಿ ಬೇರೆ: ಕೆಂಪಗೆ, ಪದರ ಪದರವಾಗಿ, ನೀರು ಹೊತ್ತು ತಂದ ಮರಳು ಗಟ್ಟಿಯಾದದ್ದು. ಮೂರು ಸಾವಿರ ವರ್ಷ ನಮ್ಮ ಜನ ಏನು ಕಟ್ಟಿದರು, ಎಲ್ಲಿ ಬರೆದರು, ಎಲ್ಲಿ ಸತ್ತವರನ್ನು ಇಟ್ಟರು ಅನ್ನುವುದಕ್ಕೆ ಈ ಎರಡು ಕಲ್ಲುಗಳೇ ಅರ್ಧ ಕಾರಣ. ಇದೊಂದನ್ನು ಹಿಡಿದುಕೊಂಡು ಹೊರಡಿ, ಸಾಕು.

ದಾರಿ ಹೀಗಿರಲಿ. ಹಿರಿಯೂರಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಚಳ್ಳಕೆರೆ ಮೇಲೆ ಬಳ್ಳಾರಿ ಕಡೆಗೆ ಹೋಗಿ. ಎಲ್ಲರೂ ಚಿತ್ರದುರ್ಗದ ಮೇಲೆ ಹೊಸಪೇಟೆಗೆ ಹೋಗುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಇದೆ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಕಂಡುಹಿಡಿದರು. ಬಂಡೆಯ ಮೇಲೆ ಅಕ್ಷರ, ಮೇಲೊಂದು ಚಾವಣಿ, ಅಷ್ಟೆ. ಮಗ ಮತ್ತೆ ಮುಖ ಗಂಟು ಹಾಕಬಹುದು. ಆಗ ಚಪಡನ ಕಥೆ ಹೇಳಿ. ಶಾಸನ ಬರೆದ ಲಿಪಿಕಾರನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಕೊನೆಯಲ್ಲಿ ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಇದ್ದದ್ದು ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ. ಅಷ್ಟು ದೂರದ ಲಿಪಿ ಬಲ್ಲವನೊಬ್ಬ 2,200 ವರ್ಷದ ಹಿಂದೆ ನಮ್ಮ ಮೊಳಕಾಲ್ಮೂರಿನಲ್ಲಿ ಏನು ಮಾಡುತ್ತಿದ್ದ, ಯಾವ ದಾರಿಯಲ್ಲಿ ಬಂದ, ಇಲ್ಲಿನವರ ಹತ್ತಿರ ಯಾವ ಭಾಷೆ ಮಾತಾಡಿದ? ಕಾರಿನಲ್ಲಿ ಎರಡು ಗಂಟೆ ಮಾತಾಡುವಷ್ಟು ಸಾಮಾನು ಇದೆ ಇದರಲ್ಲಿ.

ರಾತ್ರಿ ಬಳ್ಳಾರಿಯಲ್ಲಿ ಉಳಿಯಿರಿ. ಬೆಳಿಗ್ಗೆ ಅಲ್ಲಿನ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ನೋಡಿ. ಊರ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿಗಳನ್ನು ರಾಶಿಗಟ್ಟಲೆ ತಯಾರಿಸುತ್ತಿದ್ದರು. ಗುಡ್ಡದ ಕಪ್ಪು ಕಲ್ಲಿನ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ. ಬಡಿದರೆ ಗಂಟೆಯ ಹಾಗೆ ಸದ್ದು ಮಾಡುವ ಬಂಡೆಗಳೂ ಅಲ್ಲಿವೆ. ಆಮೇಲೆ ಹೊಸಪೇಟೆ ದಾರಿಯಲ್ಲಿ ಕುಡತಿನಿ. ಹೆದ್ದಾರಿಗೆ ಹತ್ತಿರದಲ್ಲೇ ಬೂದಿ ದಿಬ್ಬ ಇದೆ. ಭೀಮ ಹಿಡಿಂಬನನ್ನು ಸುಟ್ಟ ಬೂದಿ ಅಂತ ಊರಿನ ಕಥೆ. ಅಗೆದು ನೋಡಿದವರು ಹೇಳುವುದು ಅದು ಸಗಣಿಯ ಬೂದಿ ಅಂತ. ನಾಲ್ಕೈದು ಸಾವಿರ ವರ್ಷದ ಹಿಂದೆ ದನ ಸಾಕುತ್ತಿದ್ದವರು ದೊಡ್ಡಿಯ ಸಗಣಿಯನ್ನು ಮತ್ತೆ ಮತ್ತೆ ಗುಡ್ಡೆ ಹಾಕಿ ಸುಟ್ಟದ್ದು. ಅತ್ತೆಯವರಿಗೆ ಇದು ಖಂಡಿತ ಹಿಡಿಸುತ್ತದೆ ನೋಡಿ. ಸಗಣಿ, ತಿಪ್ಪೆ, ದೊಡ್ಡಿ ಗೊತ್ತಿರುವವರಿಗೆ ಇದರ ಬಗ್ಗೆ ನಮ್ಮಂಥವರಿಗಿಂತ ಜಾಸ್ತಿ ಹೇಳಲು ಇರುತ್ತದೆ.

ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮ. ಬಂಡೆಗಳಿಗೆ ಜೇನು, ಬೆಲ್ಲ ಸವರಿರುತ್ತಾರೆ, ಸಂಜೆ ಹೊತ್ತಿಗೆ ಗುಹೆಗಳಿಂದ ಕರಡಿಗಳು ಇಳಿದು ಬರುತ್ತವೆ. ವೀಕ್ಷಣಾ ಗೋಪುರದಿಂದ ಆರಾಮಾಗಿ ನೋಡಬಹುದು. ಇದನ್ನು ದಾರಿಯಲ್ಲಿ ಸೇರಿಸಿದ್ದಕ್ಕೆ ಇನ್ನೊಂದು ಕಾರಣವಿದೆ: ಮಾರನೆಯ ದಿನ ನೀವು ಹತ್ತುವ ಬೆಟ್ಟದಲ್ಲೂ ಇದೇ ಪ್ರಾಣಿ ಇದೆ, ಅಲ್ಲಿ ಗೋಪುರ ಇರುವುದಿಲ್ಲ.

ಈಗ ಹಿರೇಬೆಣಕಲ್. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್. ಬೆಟ್ಟದ ಮೇಲೆ 400ರಷ್ಟು ಬೃಹತ್ ಶಿಲಾ ಸಮಾಧಿಗಳಿವೆ, ಹಳೆಯವು ಕ್ರಿ.ಪೂ. 800ರ ಹೊತ್ತಿನವು. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ. ಕೆಲವಕ್ಕೆ ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಆಳೆತ್ತರದವೂ ಇವೆ, ಮಂಡಿ ಎತ್ತರದವೂ ಇವೆ. ಊರವರು ಮೊರೇರ ಮನೆ ಅನ್ನುತ್ತಾರೆ, ಮೊರೇರು ಅಂದರೆ ಗಿಡ್ಡ ಜನ, ಅವರು ಕಟ್ಟಿಕೊಂಡ ಮನೆಗಳು ಅಂತ ಕಥೆ. ಇಲ್ಲಿ ಕಲ್ಲಿನ ಮಾತು ಮತ್ತೆ ಬರುತ್ತದೆ. ಗ್ರಾನೈಟನ್ನು ಆಗ ಸುಲಭವಾಗಿ ಕೊರೆಯಲಿಕ್ಕೆ ಆಗುತ್ತಿರಲಿಲ್ಲ, ಆದರೆ ಅದು ಬಿಸಿಲಿಗೆ ತಾನಾಗಿ ಹಾಳೆ ಹಾಳೆಯಾಗಿ ಬಿಡುತ್ತದೆ. ಹಾಗೆ ಬಿಟ್ಟ ಹಾಳೆಗಳನ್ನು ಅಲ್ಲೇ ಎಬ್ಬಿಸಿ ಮನೆಯ ಆಕಾರಕ್ಕೆ ನಿಲ್ಲಿಸಿದ್ದಾರೆ. ಕಲ್ಲು ತೆಗೆದ ಜಾಗ ಈಗ ಕೆರೆ. ದೊಡ್ಡ ಗುಂಡಿನ ತುದಿಯಲ್ಲಿ ಒಂದು ಕಲ್ಲಿನ ನಗಾರಿ ಇದೆ, ಬಡಿದರೆ ಬಹಳ ದೂರ ಕೇಳುತ್ತದೆ. ದಯವಿಟ್ಟು ಕಲ್ಲು ತೆಗೆದುಕೊಂಡು ಬಡಿಯಬೇಡಿ. ಎಲ್ಲರೂ ಒಂದೊಂದು ಏಟು ಹಾಕಿದರೆ ಏನಾಗುತ್ತದೆ ಅಂತ ಗೊತ್ತಲ್ಲ.

ದಾರಿ ಯಾಕೆ ಹೇಳಲಿಲ್ಲ ಅಂದಿರಿ. ಬೇಕಂತಲೇ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಊರೊಳಗೆ ಹೋಗಿ ಕೇಳಿ. ಕುರಿ ಕಾಯುವವರಿಗೆ, ಹೊಲದವರಿಗೆ ಆ ಬೆಟ್ಟ ಅಂಗೈ ಮೇಲಿದ್ದ ಹಾಗೆ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಒಂದು ದಿನದ ಕೂಲಿ ಕೊಡಿ, ಚೌಕಾಸಿ ಬೇಡ. ಕರಡಿ ಎಲ್ಲಿ ಮಲಗುತ್ತದೆ ಅಂತ ಮೊಬೈಲಿನ ನಕ್ಷೆ ಹೇಳುವುದಿಲ್ಲ, ಅವರು ಹೇಳುತ್ತಾರೆ. ಜೊತೆಗೆ ಜನ ಬಂದರೆ ನಮಗೆ ನಾಲ್ಕು ಕಾಸು ಬರುತ್ತದೆ ಅಂತ ಊರಿಗೆ ಅನಿಸಿದರೆ ಆ ಚಪ್ಪಡಿಗಳಿಗೆ ಕಾವಲೂ ಸಿಗುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಹತ್ತಲು ಒಂದು ಗಂಟೆ, ಮಕ್ಕಳಿದ್ದರೆ ಜಾಸ್ತಿ. ನೀರು ನಿಮ್ಮದೇ.

ಬರೆಯದೇ ಇದ್ದರೆ ಒಳ್ಳೆಯದಲ್ವಾ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾವು ಬರೆಯುವ ಎಷ್ಟೋ ವರ್ಷ ಮೊದಲೇ ನಿಧಿ ಹುಡುಕುವವರು ಇಂಥ ಸಮಾಧಿಗಳನ್ನು ಬುಡಮೇಲು ಮಾಡಿದ್ದಾರೆ. ಅವರು ಯಾವ ಪತ್ರಿಕೆಯನ್ನೂ ಓದಿ ಬರಲಿಲ್ಲ. ಕಪ್ಪಗಲ್ಲಿನ ಗುಡ್ಡವನ್ನು ತಿಂದದ್ದು ಜಲ್ಲಿ ಕ್ವಾರಿ, ಪ್ರವಾಸಿಗರಲ್ಲ. ಯಾರಿಗೂ ಗೊತ್ತಿಲ್ಲದ ಗುಡ್ಡ ಒಡೆದರೆ ಯಾರೂ ಕೇಳುವುದಿಲ್ಲ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು, ಈಗ ಅಲ್ಲಿ ಒಂದು ಚಪ್ಪಡಿ ಬಿದ್ದರೂ ಸುದ್ದಿಯಾಗುತ್ತದೆ. ಹೆಸರು ಕೆತ್ತುವವರ ಮೇಲೆ ನನಗೂ ನಿಮ್ಮಷ್ಟೇ ಸಿಟ್ಟಿದೆ. ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಕಾನೂನು ಇದೆ. ಒಂದು ಸಲ ಗಟ್ಟಿಯಾಗಿ ಜಾರಿ ಮಾಡಿದರೆ ಸಾಕು, ಸುಣ್ಣದ ಡಬ್ಬಿ ತರುವ ಪ್ರೇಮಿಗಳು ಕಮ್ಮಿಯಾಗುತ್ತಾರೆ.

ಹಂಪಿ ಈ ಸಲ ಬಿಡಿ, ಹೋದ ಸಲ ನೋಡಿದ್ದೀರಿ. ಮಸ್ಕಿಯನ್ನೂ ಬಿಡಿ. 1915ರಲ್ಲಿ ಅಶೋಕ ಅನ್ನುವ ಹೆಸರೇ ಇರುವ ಶಾಸನ ಸಿಕ್ಕಿದ ಊರು ಅದು, ದೊಡ್ಡ ಸಂಗತಿ, ಆದರೆ ಈ ದಾರಿಗೆ ಸುತ್ತು. ಗಂಗಾವತಿಯಿಂದ ಕನಕಗಿರಿ ಮೇಲೆ ಕುಷ್ಟಗಿಗೆ ಹೋಗಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ಗಾದೆಯೇ ಇದೆಯಲ್ಲ, ಮಂಡಿ ನೋವಿನ ಅತ್ತೆಗೆ ಅಂತಲೇ ಮಾಡಿದ ಹಾಗಿದೆ. ಕನಕಾಚಲಪತಿ ದೇವಸ್ಥಾನದಲ್ಲಿ ಅವರು ಕೂರಲಿ, ನೀವು ಕಂಬ ನೋಡಿ.

ಕುಷ್ಟಗಿ, ಇಳಕಲ್, ಹುನಗುಂದ. ಇಳಕಲ್ಲಿನಲ್ಲಿ ಸೀರೆ ಅಂಗಡಿಗೆ ಹೋಗುತ್ತೀರಿ, ಬೇಡ ಅಂದರೂ ಹೋಗುತ್ತೀರಿ. ಮಕ್ಕಳಿಗೆ ಅಲ್ಲಿನ ಗುಲಾಬಿ ಗ್ರಾನೈಟ್ ತೋರಿಸಿ. ಆಮೇಲೆ ಅಮೀನಗಡ ದಾಟಿ ಐಹೊಳೆಗೆ ತಿರುಗಿದಾಗ ಕಿಟಕಿ ಆಚೆ ನೋಡಲು ಹೇಳಿ. ದುಂಡನೆಯ ಗುಂಡುಗಳು ಮುಗಿದು ತಲೆ ಚಪ್ಪಟೆಯಾದ ಕೆಂಪು ಗುಡ್ಡಗಳು ಶುರುವಾಗುತ್ತವೆ. ಕಲ್ಲು ಬದಲಾಯಿತು ಅಂತ ನಿಮ್ಮ ಮಗ ನಿಮಗಿಂತ ಮೊದಲು ಕೂಗಿದರೆ ನನಗೊಂದು ಕಾರ್ಡು ಬರೆಯಿರಿ.

ಐಹೊಳೆಯಲ್ಲಿ ಎಲ್ಲರೂ ದುರ್ಗ ಗುಡಿ ನೋಡಿ ಹೊರಡುತ್ತಾರೆ. ನೀವು ಮೇಗುತಿ ಗುಡ್ಡ ಹತ್ತಿ. ಮೇಲಿನ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೊಗಳಿ, ಕೊನೆಗೆ ತಾನು ಕಾಳಿದಾಸ, ಭಾರವಿಗಳಷ್ಟು ಕೀರ್ತಿ ಪಡೆದವನು ಅಂತ ಸೇರಿಸಿದ್ದಾನೆ, ಕವಿಗಳು ಆಗಲೂ ಹಾಗೇ. ಅದರ ಹಿಂದುಗಡೆ ಸ್ವಲ್ಪ ನಡೆದರೆ ಮತ್ತೆ ಶಿಲಾ ಸಮಾಧಿಗಳು, ಇಲ್ಲೂ ಜನ ಮೊರೇರ ಹೆಸರನ್ನೇ ಹೇಳುತ್ತಾರೆ. ಹಿರೇಬೆಣಕಲ್ಲಿನಲ್ಲಿ ನೋಡಿದ ಅದೇ ಆಕಾರ, ಕೆಂಪು ಮರಳುಗಲ್ಲಿನಲ್ಲಿ. ಚಾಲುಕ್ಯರಿಗೆ ಸಾವಿರ ವರ್ಷಕ್ಕೂ ಮೊದಲಿನವರು ಕಲ್ಲೆಬ್ಬಿಸಿದ ಗುಡ್ಡದ ಮೇಲೆಯೇ ಚಾಲುಕ್ಯರೂ ಕಲ್ಲೆಬ್ಬಿಸಿದರು. ಈ ಒಂದು ಗುಡ್ಡಕ್ಕೆ ಅರ್ಧ ದಿನ ಕೊಡಿ, ಪಟ್ಟದಕಲ್ಲಿಗೆ ಒಂದು ಗಂಟೆ ಸಾಕು (ಇದನ್ನು ಓದಿ ಬೈದು ಬರೆಯುವವರ ಪತ್ರಕ್ಕೂ ಜಾಗ ಇಟ್ಟಿದ್ದೇನೆ).

ಬಾದಾಮಿಯಲ್ಲಿ ಎರಡು ರಾತ್ರಿ. ಇಲ್ಲಿ ಚಪ್ಪಡಿ ಜೋಡಿಸಬೇಕಾಗಿಲ್ಲ, ಕಲ್ಲು ಮೆದು, ಬಂಡೆಯನ್ನೇ ಕೊರೆದು ಒಳಗೆ ಹೋದರು. ಮೂರನೆಯ ಗುಹೆ ಕ್ರಿ.ಶ. 578ರದ್ದು, ಮಂಗಳೇಶನ ಶಾಸನದಲ್ಲೇ ವರ್ಷ ಇದೆ. ಕೋತಿಗಳಿವೆ, ಬಿಸ್ಕತ್ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ಮಕ್ಕಳಿಗೆ ಬೆಳಗಿನ ನಡಿಗೆ ಬೇಕಾದರೆ ಸಿಡ್ಲಫಡಿ ಇದೆ. ನಾಲ್ಕು ಕಿಲೋಮೀಟರಿನಷ್ಟು ದೂರ, ಕುರುಚಲು ಕಾಡಿನ ನಡುವೆ ದೊಡ್ಡ ಕಲ್ಲಿನ ಕಮಾನು, ಅದರಡಿಯಲ್ಲಿ ಆದಿಮಾನವರ ಚಿತ್ರಗಳು. ಇಲ್ಲೂ ಗೊತ್ತಿದ್ದವರು ಜೊತೆಗಿರಲಿ.

ಅತ್ತೆಯವರಿಗೆ ಹಿರೇಬೆಣಕಲ್ ಬೇಡವೇ ಬೇಡ, ಯಾರಾದರೊಬ್ಬರು ಅವರ ಜೊತೆ ಗಂಗಾವತಿಯಲ್ಲಿ ಉಳಿಯಿರಿ. ಮೇಗುತಿಗೂ ಬಾದಾಮಿ ಗುಹೆಗಳಿಗೂ ಮೆಟ್ಟಿಲಿವೆ, ಬಾದಾಮಿಯ ಮೊದಲ ಗುಹೆವರೆಗೆ ನಿಧಾನಕ್ಕೆ ಹತ್ತಬಹುದು. ಅದೂ ಆಗದಿದ್ದರೆ ಕೆರೆ ದಂಡೆಯ ಭೂತನಾಥ ಗುಡಿ ಸಮತಟ್ಟಾಗಿದೆ. ಜನವರಿಯಲ್ಲಿ ಬನದ ಹುಣ್ಣಿಮೆ ಬಂದರೆ ಬನಶಂಕರಿ ಜಾತ್ರೆ ಇರುತ್ತದೆ, ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ, ಮೊದಲೇ ದಿನ ನೋಡಿಕೊಳ್ಳಿ. ಜಾತ್ರೆ ಇಲ್ಲದಿದ್ದರೂ ಬನಶಂಕರಿಗೆ ಮಧ್ಯಾಹ್ನ ಹೋಗಿ. ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕುಡಿಕೆ ಮೊಸರು ಸಿಗುತ್ತದೆ. ಯಾವ ಹೋಟೆಲೂ ಬೇಡ.

ಕಾರು ಓಡಿಸುವ ಯಜಮಾನರಿಗೆ ಒಂದು ಮಾತು. ಆ ಕಡೆ ಜನವರಿ ಅಂದರೆ ಕಬ್ಬಿನ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಾಡು ಹಾಕಿಕೊಂಡು ಟ್ರ್ಯಾಕ್ಟರುಗಳು ಹೋಗುತ್ತಿರುತ್ತವೆ, ಎಷ್ಟೋ ಗಾಡಿಗೆ ಹಿಂದೆ ದೀಪ ಇರುವುದಿಲ್ಲ. ಕೆಲವು ಕಡೆ ರಸ್ತೆ ಮೇಲೆಯೇ ಬೆಳೆ ಹರಡಿ ಒಕ್ಕಣೆ ಮಾಡುತ್ತಿರುತ್ತಾರೆ, ಅದರ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಗಾಡಿ ಜಾರುತ್ತದೆ. ಕತ್ತಲಾಗುವ ಮೊದಲು ಊರು ಸೇರಿಕೊಳ್ಳಿ. ಹಿಂದಿನ ದಿನ ಮಳೆ ಬಂದಿದ್ದರೆ ಎರೆ ಮಣ್ಣಿನ ಹೊಲದ ದಾರಿಗೆ ಕಾರು ಇಳಿಸಲೇಬೇಡಿ, ಎಳೆಯಲು ಅದೇ ಕಬ್ಬಿನ ಟ್ರ್ಯಾಕ್ಟರ್ ಹುಡುಕಬೇಕಾಗುತ್ತದೆ.

ಕರದಂಟು ಅಮೀನಗಡದಲ್ಲೇ ತಗೊಳ್ಳಿ.

— ಸಂಪಾದಕ