ಅಂಕೋಲಾದಿಂದ ದುಬೈ ಎಷ್ಟು ದೂರ?

ತಮ್ಮಾ, ಮುಂದಿನ ತಿಂಗಳು ದುಬೈಗೆ ಕೆಲಸಕ್ಕೆ ಬರುತ್ತಿದ್ದೀಯ. ಮಂಗಳೂರಿನಿಂದ ವಿಮಾನ ಎಷ್ಟು ಹೊತ್ತು, ಆಗಾಗ ಊರಿಗೆ ಹೋಗಿಬರಬಹುದಾ, ರೂಮು ಊಟ ಹೇಗೆ ಅಂತ ಕೇಳಿದ್ದೀಯ. ಅಂಕೋಲಾದ ಹುಡುಗ ಅಂತ ಗೊತ್ತಾಗಿ ಖುಷಿಯಾಯಿತು. ನಾನೂ 2008ರಲ್ಲಿ ಅಲ್ಲಿಂದಲೇ ಬಂದವನು.

ಮಂಗಳೂರಿನಿಂದ ನೇರ ದೂರ ಸುಮಾರು 2,450 ಕಿಲೋಮೀಟರ್. ಹಾರಾಟ ಮೂರೂವರೆಯಿಂದ ನಾಲ್ಕು ಗಂಟೆ. ಟಿಕೆಟ್ ನೋಡಿ ಗೊಂದಲ ಮಾಡಿಕೊಳ್ಳಬೇಡ. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 8ಕ್ಕೆ ಹೊರಟರೆ ಇಲ್ಲಿ ಹತ್ತೂಕಾಲಿನ ಹೊತ್ತಿಗೆ ಇಳಿದಿರುತ್ತೀಯ. ವಾಪಸ್ ಹೋಗುವಾಗ ಐದು ಗಂಟೆ ಹಿಡಿದ ಹಾಗೆ ಕಾಣುತ್ತದೆ.

ಆದರೆ ಅಂಕೋಲಾದಿಂದ ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಗೇ 200 ಕಿಲೋಮೀಟರ್ ಮೇಲಿದೆ. ಮೂರು ಗಂಟೆ ಮೊದಲು ಅಲ್ಲಿರಬೇಕು. ಮನೆ ಬಾಗಿಲಿನಿಂದ ಲೆಕ್ಕ ಹಾಕಿದರೆ ಹದಿನಾಲ್ಕು ಗಂಟೆ ಇಟ್ಟುಕೋ. ಗೋವಾದಿಂದ ಹೊರಡುವುದಾದರೆ ಅಲ್ಲಿ ಎರಡು ವಿಮಾನ ನಿಲ್ದಾಣ ಇವೆ, ದಾಬೋಲಿಯೋ ಮೋಪಾನೋ ಅಂತ ಎರಡು ಸಲ ನೋಡು. ಮೋಪಾ ಗೋವಾದ ಆ ತುದಿಯಲ್ಲಿದೆ. ಮಳೆಗಾಲದಲ್ಲಂತೂ ಹಿಂದಿನ ದಿನವೇ ಹೊರಡು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಿದ್ದು, ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದಿದ್ದು ನೀನೇ ಕಂಡಿದ್ದೀಯ.

ರೂಮಿನ ವಿಷಯ ಬಂದ ಮೇಲೆ ನೋಡೋಣ. ಕುಚ್ಚಲಕ್ಕಿ, ಬಂಗಡೆ ಎಲ್ಲ ಸಿಗುತ್ತದೆ.

ಊರಿಗೆ ಹೋಗಿಬರುವುದರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ಹೊರಟಾಗ ಅಪ್ಪ ಇದನ್ನೇ ಕೇಳಿದ್ದರು, ಎಷ್ಟು ದೂರವೋ ಅಂತ. 'ಹುಬ್ಬಳ್ಳಿಗೆ ಬಸ್ಸಲ್ಲಿ ಹೋದಷ್ಟು ಹೊತ್ತು ಅಷ್ಟೇ' ಅಂದೆ. ಅವರು ಅದನ್ನು ನಂಬಿದರು. ನಾನೂ ನಂಬಿದೆ. ಯಾವಾಗ ಬೇಕಾದರೂ ಹೋಗಬಹುದು ಅಂದುಕೊಂಡು ಮೂರು ವರ್ಷ ಹೋಗಲೇ ಇಲ್ಲ. ನನ್ನ ಜೊತೆ ಓದಿದವನು ಅಮೆರಿಕಾದಲ್ಲಿದ್ದಾನೆ. ಅವನು ಆರು ತಿಂಗಳು ಮೊದಲೇ ಟಿಕೆಟ್ ಮಾಡಿಸಿ ಬಂದುಹೋದ. ಹತ್ತಿರ ಇದ್ದವನು ನಾನು.

ಮೂರೂ ವರ್ಷ ಮೇ ತಿಂಗಳಲ್ಲಿ ಅಪ್ಪ ನನಗೆ ಅಂತ ಕರಿ ಇಶಾಡ ಮಾವಿನಹಣ್ಣು ತೆಗೆದು ಅಟ್ಟದ ಮೇಲೆ ಹುಲ್ಲಿನಲ್ಲಿ ಇಟ್ಟಿದ್ದರಂತೆ. ನಾನು ಹೋಗಿದ್ದು ನಾಲ್ಕನೇ ವರ್ಷ, ಆಗಸ್ಟ್‌ನಲ್ಲಿ, ಜೋರು ಮಳೆಯಲ್ಲಿ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ನಾನು ಎದುರಿಗೇ ನಿಂತಿದ್ದೆ. 'ಯಾರು?' ಅಂತ ಕೇಳಿದರು.

ಕಣ್ಣು ಅಷ್ಟು ಮಂಜಾಗಿತ್ತು. ಒಬ್ಬರೇ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಓಡಾಡಿದ್ದರು. ಅವನಿಗೆ ತಿಳಿಸಬೇಡ, ಸುಮ್ನೆ ಗಾಬರಿ ಆಗುತ್ತಾನೆ ಅಂತ ಅಮ್ಮನ ಬಾಯಿ ಕಟ್ಟಿದ್ದರು. ಫೋನಿನಲ್ಲಿ ದನಿ ಮೊದಲಿನ ಹಾಗೇ ಇತ್ತು. ನನಗೆ ಗೊತ್ತಾಗಲಿಲ್ಲ. ಆ 'ಯಾರು' ಇವತ್ತಿಗೂ ಕೇಳುತ್ತದೆ.

ಇಲ್ಲಿ ವರ್ಷ ತುಂಬಿದ ಮೇಲೆ 30 ದಿನ ಸಂಬಳದ ರಜೆ ಕಾನೂನಿನಲ್ಲೇ ಇದೆ. ಸಂಕೋಚ ಬೇಡ, ಕೇಳಿ ತೆಗೆದುಕೋ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿನ ಶಾಲೆಗಳಿಗೆ ರಜೆ, ಟಿಕೆಟ್ ದರ ಏರುತ್ತದೆ. ಅದಕ್ಕೆ ಮೇ ತಿಂಗಳಿಗೇ ಕೇಳು. ಮನೆಯಲ್ಲಿ ಗಂಟೆಯ ಲೆಕ್ಕ ಹೇಳಬೇಡ, ಇಂಥ ತಿಂಗಳು ಬರುತ್ತೇನೆ ಅಂತ ಹೇಳಿ ಹೊರಡು.

ಟಿಕೆಟ್ ಆದ ಮೇಲೆ ವಿಮಾನದ ಟೈಮ್ ಕಳಿಸು. ಕರೆದುಕೊಂಡು ಹೋಗಲು ನಾನೇ ಬರುತ್ತೇನೆ.