ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ 1,700 ಆಗಿದ್ದಕ್ಕೆ

ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ ಸಂಬಳ ಕಡಿತವಾದ ತಿಂಗಳೇ 1,700 ಯಾಕಾಯ್ತು ಅಂತ ಕೇಳಿದ್ದೀರಿ. ಬಿಲ್ಲಿನಲ್ಲಿ 212 ಯೂನಿಟ್ ಇದೆ ಅಂದಿದ್ದೀರಲ್ಲ, ಅದೇ ಕಾರಣ. ಗೃಹಜ್ಯೋತಿಯಲ್ಲಿ (ಮನೆಗಳಿಗೆ ಉಚಿತ ಕರೆಂಟ್ ಕೊಡುವ ಕರ್ನಾಟಕ ಸರ್ಕಾರದ ಯೋಜನೆ) ತಿಂಗಳಿಗೆ 200 ಯೂನಿಟ್ ದಾಟಿದರೆ ಮೇಲಿನ 12ಕ್ಕೆ ಮಾತ್ರ ಅಲ್ಲ, ಪೂರ್ತಿ 212ಕ್ಕೂ ದುಡ್ಡು ಕಟ್ಟಬೇಕು. 200ರೊಳಗಿದ್ದರೆ ನಿಮ್ಮ ಮನೆಗೆ ನಿಗದಿಯಾದ ಉಚಿತ ಮಿತಿಗಿಂತ ಹೆಚ್ಚಾದದ್ದಕ್ಕೆ ಮಾತ್ರ. ಸಂಬಳ ಕಡಿತವಾದ ತಿಂಗಳೇ ಹೀಗಾದರೆ ಹೊಟ್ಟೆ ಉರಿಯುತ್ತೆ, ನಮ್ಮ ಮನೆಯಲ್ಲೂ ಆಗಿತ್ತು.

ಮೊದಲು ಬಿಲ್ಲಿನ ರೀಡಿಂಗ್ ಮೀಟರಿಗೆ ತಾಳೆಯಾಗುತ್ತಾ ನೋಡಿ. ಸರಿಯಿದ್ದರೆ ಈ ಸಲದ್ದು ಕಟ್ಟಲೇಬೇಕು. ಬಿಲ್ ಬಂದ ದಿನದ ರೀಡಿಂಗನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಅಲ್ಲಿಂದ ವಾರಕ್ಕೆ 45 ಯೂನಿಟ್ ದಾಟಬಾರದು.

ಆಮೇಲೆ ಗೀಜರ್. 2 ಕಿಲೋವಾಟಿನದು ಅರ್ಧ ಗಂಟೆ ಕಾಯಿಸಿದರೆ 1 ಯೂನಿಟ್. ನಾಲ್ಕು ಜನ ನಾಲ್ಕು ಹೊತ್ತಿಗೆ ಸ್ನಾನ ಅಂದಿರಿ. ಒಬ್ಬರ ಹಿಂದೆ ಒಬ್ಬರು ಮುಗಿಸಿ ಸ್ವಿಚ್ ಆರಿಸಿ. ದಿನಕ್ಕೆ ಒಂದು ಯೂನಿಟ್ ಉಳಿದರೂ ತಿಂಗಳಿಗೆ 30 ಆಯ್ತು. ಚಾರ್ಜರ್ ಕಿತ್ತಿಡೋದೆಲ್ಲ ಸುಮ್ನೆ, ಅದರಿಂದ ಲೆಕ್ಕಕ್ಕೆ ಸಿಗುವಷ್ಟು ಉಳಿಯಲ್ಲ.

ಎರಡು ವಾರವಾದರೂ ಇಳಿಯದಿದ್ದರೆ ನನಗೆ ನೀವು ಹೇಳಿದ ಹಳೇ ಫ್ರಿಜ್ ಮೇಲೆ ಅನುಮಾನ, ಖಚಿತವಾಗಿ ಹೇಳಲಾರೆ. ಒಂದು ರಾತ್ರಿ ಫ್ರಿಜ್ ಬಿಟ್ಟು ಉಳಿದದ್ದೆಲ್ಲ ಆರಿಸಿ ಮಲಗಿ. 8 ಗಂಟೆಯಲ್ಲಿ 1 ಯೂನಿಟ್‌ಗಿಂತ ಜಾಸ್ತಿ ಓಡಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ, ಬಾಗಿಲಿನ ರಬ್ಬರ್ ಮೊದಲು ನೋಡಲು ಹೇಳಿ.