ಕೊರಿಯಾದ ಬಿಲ್ಲುಗಾರ ಕಿಮ್ ವೂ-ಜಿನ್ ಒಲಿಂಪಿಕ್ಸ್ ಗೆದ್ದಿದ್ದು ಬರೀ 4.9 ಮಿಲಿಮೀಟರ್ ಅದೃಷ್ಟದಿಂದಲಾ?

ಪ್ಯಾರಿಸ್ ಫೈನಲ್‌ನ ಕೊನೆಯ ಬಾಣವನ್ನಷ್ಟೇ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿದ್ದಾಗ ಎರಡು ವರ್ಷ ನಾನೂ ಬಿಲ್ಲು ಹಿಡಿದಿದ್ದೆ. ಕಿಮ್ ಅವರ ಆಟವನ್ನು ಆಗಿನಿಂದಲೂ ನೋಡುತ್ತಾ ಬಂದಿದ್ದೇನೆ.

ಮೊದಲು ಆ ಬಾಣದ ಮಾತು. 2024ರ ಆಗಸ್ಟ್ 4. ಎದುರಿಗೆ ಅಮೆರಿಕದ ಬ್ರೇಡಿ ಎಲಿಸನ್. ಐದನೇ ಸೆಟ್‌ನಲ್ಲಿ ಇಬ್ಬರೂ ಮೂರಕ್ಕೆ ಮೂರೂ ಹತ್ತು ಹೊಡೆದರು. ಸೆಟ್‌ಗಳ ಅಂಕ 5-5 ಸಮ. ಇನ್ನು ತಲಾ ಒಂದೇ ಬಾಣ, 20 ಸೆಕೆಂಡ್ ಸಮಯ. ಗುರಿ ಇರುವುದು 70 ಮೀಟರ್ ಆಚೆ. ಅದರಲ್ಲಿ ಹತ್ತು ಅಂಕದ ವೃತ್ತದ ಅಗಲ 12.2 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಸಿಡಿಯಷ್ಟು. ನಟ್ಟನಡುವಿನಿಂದ ಗೆರೆಗೆ 61 ಮಿಲಿಮೀಟರ್. ಕಿಮ್ ಬಾಣ 55.8ಕ್ಕೆ ನಾಟಿತು, ಎಲಿಸನ್ ಬಾಣ 60.7ಕ್ಕೆ. ಎರಡೂ ಗೆರೆಯ ಪಕ್ಕದಲ್ಲೇ, ಎರಡಕ್ಕೂ ಹತ್ತು; ನಡುವಿಗೆ ಹತ್ತಿರ ಇದ್ದ ಬಾಣಕ್ಕೆ ಗೆಲುವು. ಇಬ್ಬರ ನಡುವಿನ ವ್ಯತ್ಯಾಸ ಒಂದು ಅಕ್ಕಿಕಾಳಿನ ಉದ್ದ. ಎಲಿಸನ್ ಗೆದ್ದಿದ್ದರೂ ಯಾರೂ ತಕರಾರು ಮಾಡುತ್ತಿರಲಿಲ್ಲ, ನಿಜ.

ಆದರೆ ಅದೇ ದಿನದ ಸೆಮಿಫೈನಲ್ ನೋಡಿದ್ರಾ? ಅಲ್ಲೂ ತಮ್ಮದೇ ತಂಡದ ಲೀ ವೂ-ಸೋಕ್ ಎದುರು ಹೀಗೇ ಕೊನೆಯ ಒಂದು ಬಾಣಕ್ಕೆ ಬಂದು ನಿಂತಿತ್ತು. ಅದನ್ನೂ ಕಿಮ್ ಗೆದ್ದರು. ಒಂದೇ ದಿನ ಎರಡು ಸಲ ಅದೃಷ್ಟ ಅಂದರೆ ನನಗೆ ನಂಬಿಕೆ ಬರಲ್ಲ.

ಇನ್ನು ಹಿಂದಿನ ಕಥೆ. ಕಿಮ್ ಹುಟ್ಟಿದ್ದು 1992ರಲ್ಲಿ, ಓಕ್ಚನ್ ಎಂಬ ಊರಿನಲ್ಲಿ. 18ನೇ ವಯಸ್ಸಿಗೆ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ. ಮರುವರ್ಷ ವಿಶ್ವ ಚಾಂಪಿಯನ್. ಬೇರೆ ಯಾವುದೇ ದೇಶದಲ್ಲಾದರೂ 2012ರ ಲಂಡನ್ ಟಿಕೆಟ್ ಕೈಗೆ ಬಂದ ಹಾಗೆಯೇ. ಕೊರಿಯಾದಲ್ಲಿ ಹಾಗಲ್ಲ. ಅಲ್ಲಿ ಹಳೆಯ ಪದಕಕ್ಕೆ ಬೆಲೆ ಇಲ್ಲ. ತಿಂಗಳುಗಟ್ಟಲೆ ಆಯ್ಕೆ ಪಂದ್ಯ ನಡೆಯುತ್ತವೆ, ಎಲ್ಲರೂ ಮೊದಲಿನಿಂದ ಶುರು ಮಾಡಬೇಕು, ಉಳಿಯುವುದು ಮೂರೇ ಜನ. ಕಿಮ್ ನಾಲ್ಕನೆಯವರಾದರು. ವಿಶ್ವ ಚಾಂಪಿಯನ್ ಮನೆಯಲ್ಲಿ ಕೂತ! ಟೋಕಿಯೊದಲ್ಲಿ ಮೂರು ಚಿನ್ನ ಗೆದ್ದ ಆನ್ ಸಾನ್‌ಗೂ ಪ್ಯಾರಿಸ್ ತಂಡದಲ್ಲಿ ಜಾಗ ಸಿಗಲಿಲ್ಲ. ಈ ಜರಡಿಯಲ್ಲಿ ಮತ್ತೆ ಮತ್ತೆ ಉಳಿಯುವುದೇ ನನಗೆ ಕಿಮ್ ಅವರ ದೊಡ್ಡ ಸಾಧನೆ ಅನ್ನಿಸುತ್ತದೆ.

2016ರ ರಿಯೊ ಇನ್ನೂ ಕಹಿ. ಅರ್ಹತಾ ಸುತ್ತಿನಲ್ಲಿ 720ಕ್ಕೆ 700, ಆಗಿನ ವಿಶ್ವದಾಖಲೆ. ಮರುದಿನ ತಂಡಕ್ಕೆ ಚಿನ್ನ. ಆಮೇಲೆ ವೈಯಕ್ತಿಕ ವಿಭಾಗದ ಎರಡನೇ ಸುತ್ತಿನಲ್ಲೇ ಇಂಡೋನೇಷ್ಯಾದ ರಿಯಾವು ಏಗಾ ಅಗಾಥಾ ಎದುರು ಸೋಲು. ಆ ಪಂದ್ಯ ನೋಡಿ ನನಗೆ ತುಂಬಾ ಸಂಕಟವಾಗಿತ್ತು. ಟೋಕಿಯೊದಲ್ಲೂ ತಂಡದ ಚಿನ್ನ ಬಂತು, ಒಂಟಿಯಾಗಿ ಕ್ವಾರ್ಟರ್ ಫೈನಲ್‌ಗೇ ಮುಗಿಯಿತು. ನಡುವೆ 2015, 2021ರಲ್ಲಿ ಮತ್ತೆ ವಿಶ್ವ ಚಾಂಪಿಯನ್. ಒಲಿಂಪಿಕ್ಸ್‌ನ ವೈಯಕ್ತಿಕ ಚಿನ್ನ ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಪ್ಯಾರಿಸ್‌ನಲ್ಲಿ ತಂಡ, ಮಿಶ್ರ ತಂಡ, ವೈಯಕ್ತಿಕ, ಮೂರೂ ಬಂತು. ಮಿಶ್ರ ತಂಡದ ಸೆಮಿಫೈನಲ್‌ನಲ್ಲಿ ಕಿಮ್ ಮತ್ತು ಲಿಮ್ ಸಿ-ಹ್ಯಾನ್ ಸೋಲಿಸಿದ್ದು ನಮ್ಮ ಧೀರಜ್ ಬೊಮ್ಮದೇವರ, ಅಂಕಿತಾ ಭಕತ್ ಜೋಡಿಯನ್ನೇ, ನೆನಪಿದೆ ಅಲ್ವಾ? ಒಟ್ಟು ಐದು ಒಲಿಂಪಿಕ್ ಚಿನ್ನ. ಕೊರಿಯಾದಲ್ಲಿ ಅಷ್ಟು ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಮಿಲಿಮೀಟರ್ ಲೆಕ್ಕ ಗುರಿಯ ಹತ್ತಿರ ಅಲ್ಲ, ಬಿಲ್ಲಿನ ಹತ್ತಿರ ನಡೆಯುತ್ತದೆ. ಬಿಲ್ಲಿನ ಹಿಡಿಯ ಪಕ್ಕ ಕ್ಲಿಕ್ಕರ್ ಅಂತ ಒಂದು ತೆಳ್ಳನೆ ಪಟ್ಟಿ ಇರುತ್ತದೆ. ಬಾಣದ ತುದಿ ಅದರ ಅಡಿಯಿಂದ ಜಾರಿ ಹೊರಬಂದಾಗ ಟಕ್ ಅನ್ನುತ್ತದೆ. ಆಗಲೇ ಬಾಣ ಬಿಡಬೇಕು. ಆ ಕೊನೆಯ ಒಂದೆರಡು ಮಿಲಿಮೀಟರ್ ಎಳೆಯುವಾಗ ಮನಸ್ಸು ಅಳುಕಿದರೆ ಭುಜ ಬಿಗಿಯಾಗುತ್ತದೆ, ಟಕ್ ಅನ್ನುವುದೇ ಇಲ್ಲ. ಕಾಲೇಜಿನ ಸಣ್ಣ ಪಂದ್ಯದಲ್ಲೇ ನನಗೆ ಹಾಗಾಗಿ ಬಿಲ್ಲು ಇಳಿಸಿಬಿಟ್ಟಿದ್ದೆ. ಆ ಫೈನಲ್‌ನ ವಿಡಿಯೊ ಸಿಕ್ಕರೆ ಇನ್ನೊಮ್ಮೆ ನೋಡಿ. ಕೊನೆಯ ಬಾಣಕ್ಕೆ ಗುರಿ ಕಡೆ ನೋಡಬೇಡಿ, ಕಿಮ್ ಅವರ ಭುಜ ನೋಡಿ.